ಎಲ್ಲರೂ ಗೆದ್ದ ಸೋಮವಾರ

ಬ್ರಸೆಲ್ಸ್, ಸೋಮವಾರ, ನವೆಂಬರ್ 13

ಅಕ್ಕನ ಪ್ರಶ್ನೆ ಕಿವಿಯಿಂದ ಹೋಗುತ್ತಿಲ್ಲ.

ಮಧ್ಯಾಹ್ನ ನಮ್ಮ ಒಕ್ಕೂಟದ ಇಪ್ಪತ್ತೇಳು ದೇಶಗಳ ವಿದೇಶಾಂಗ ಮಂತ್ರಿಗಳು ಕೂತು, ಸಮುದ್ರದಾಚೆಯ ಮರುಭೂಮಿಗೆ ಜಂಟಿ ಸೇನೆ ಕಳಿಸಲು ಒಪ್ಪಿದರು. ಸಭೆ ಮುಗಿದ ಮೇಲೆ, ಯಥಾಪ್ರಕಾರ, ಒಬ್ಬೊಬ್ಬ ಮಂತ್ರಿಯೂ ತಮ್ಮ ದೇಶದ ಪತ್ರಕರ್ತರನ್ನಷ್ಟೇ ಬೇರೆ ಕೋಣೆಗೆ ಕರೆದು ಮಾತಾಡಿದರು. ಸ್ಲೊವೇನಿಯಾದವರು ನಾವು ಮೂವರೇ. "ನಾನು ಪಟ್ಟು ಹಿಡಿದಿದ್ದಕ್ಕೇ ಇದಾಯ್ತು" ಎಂದರು ನಮ್ಮ ಮಂತ್ರಿ. ಅದನ್ನೇ ತಲೆಬರಹ ಮಾಡಿ ಊರಿನ ಪತ್ರಿಕೆಗೆ ಕಳಿಸಿದೆ.

ಸಂಜೆ ಆಲೂಗಡ್ಡೆ ಕರಿಯುವ ಅಂಗಡಿಯ ಹತ್ತಿರ ಪೋರ್ಚುಗಲ್ಲಿನ ಪತ್ರಕರ್ತ ಟೆಲ್ಮು ಸಿಕ್ಕ. ಅವನ ಪತ್ರಿಕೆಯಲ್ಲೂ ಅದೇ ತಲೆಬರಹ, ಮಂತ್ರಿ ಮಾತ್ರ ಅವರ ದೇಶದವರು.

"ನಿಮ್ಮೋರೂ ಗೆದ್ರು, ನಮ್ಮೋರೂ ಗೆದ್ರು. ಸೋತೋರು ಯಾರಮ್ಮ ಹಾಗಾದ್ರೆ?" ಎಂದು ನಕ್ಕ. ನಾನೂ ನಕ್ಕೆ.

ಮನೆಗೆ ಬಂದಾಗ ಅಕ್ಕ ದಾರಿಂಕಾ ಫೋನ್ ಮಾಡಿದಳು. ಅವಳ ಮಗ ಆಂಜೆ ಸೈನ್ಯದಲ್ಲಿದ್ದಾನೆ.

"ನೀನು ಬರ್ದಿದ್ದನ್ನ ಎರಡು ಸಲ ಓದ್ದೆ ಕಣೇ. ಮಂತ್ರಿ ಗೆದ್ದಿದ್ದು ತಿಳೀತು. ನಮ್ಮ ಹುಡುಗ್ರಿಗೆ ಅಲ್ಲಿ ಏನಾದ್ರೂ ಏಟು ಬಿದ್ರೆ ಎತ್ಕೊಂಡು ಬರೋರು ಯಾರು?"

ನಾನು ಕೇಳಿರಲಿಲ್ಲ. ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಪತ್ರಕರ್ತೆ, ನಾಚಿಕೆಯಾಗಬೇಕು.

ಸಭೆಯ ನಿರ್ಣಯದ ಪ್ರತಿ ಮಧ್ಯಾಹ್ನದಿಂದ ಚೀಲದಲ್ಲೇ ಇತ್ತು. ಈಗ ಓದಿದೆ. ಒಂಬತ್ತನೇ ಪುಟದಲ್ಲಿ ಯಾವ ದೇಶ ಏನು ಕೊಡುತ್ತದೆ ಎಂಬ ಪಟ್ಟಿಯಿದೆ. ಟ್ರಕ್ಕು, ಡೇರೆ, ಅಡುಗೆಯವರು, ಎಲ್ಲದರ ಮುಂದೆಯೂ ಒಂದೊಂದು ದೇಶದ ಹೆಸರಿದೆ. ಗಾಯಾಳುಗಳನ್ನು ತರುವ ಹೆಲಿಕಾಪ್ಟರಿನ ಮುಂದೆ ಮಾತ್ರ ಜಾಗ ಖಾಲಿ.

ಅಕ್ಕ ಇನ್ನೂ ಮಲಗಿರುವುದಿಲ್ಲ. ಫೋನ್ ಮಾಡಬೇಕು. ಮಾಡಿ, ಏನಂತ ಹೇಳಲಿ?