ಹಡಗಿನ ಮೇಲೆ ದೂರು

ಪ್ರೀತಿಯ ಅಪ್ಪಯ್ಯ,

ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿನ ಹಗ್ಗ ಬಿಚ್ಚುವ ಮುಂಚೆ ನೀನು ಬೆರಳು ತೋರಿಸಿ ತಲೆ ಎಣಿಸುತ್ತಿದ್ದದ್ದೇ ಬೆಳಗಿನಿಂದ ಕಣ್ಣ ಮುಂದೆ ಬರುತ್ತಿದೆ. ಮಡಿಲಲ್ಲಿ ಮಲಗಿದ ಕೂಸನ್ನೂ ಬಿಡುತ್ತಿರಲಿಲ್ಲ. ಆಚೆ ದಡದಲ್ಲಿ ಮತ್ತೆ ಎಣಿಕೆ. “ದಿನಾ ಎಣಿಸ್ತೀಯಲ್ಲ, ಯಾರನ್ನ ಮೀನು ನುಂಗುತ್ತೆ?” ಅಂತ ನಾನು ನಕ್ಕರೆ, “ಹತ್ತಿಸ್ಕೊಂಡವ ನಾನು, ಇಳಿಸ್ಬೇಕಾದವನೂ ನಾನೇ ಅಲ್ವೇನೇ” ಅನ್ನುತ್ತಿದ್ದೆ ನೀನು. ನಿನ್ನ ಅಳಿಯನನ್ನು ಇಳಿಸಬೇಕಾದವರು ಯಾರು ಅಂತಲೇ ನನಗೆ ತಿಳಿಯುತ್ತಿಲ್ಲ.

ನೀನು ನಮ್ಮನ್ನು ಬಿಟ್ಟು ಹೋದಾಗ ಅವರು ಹೊಸನಗರದ ಛತ್ರಗಳಲ್ಲಿ ಮದುವೆ ಅಡುಗೆ ಮಾಡುತ್ತಿದ್ದರು. ಆಮೇಲೆ ಒಬ್ಬ ಏಜೆಂಟನನ್ನು ಹಿಡಿದು ಸರಕಿನ ಹಡಗಿಗೆ ಅಡುಗೆಯವರಾಗಿ ಸೇರಿದರು. ಹಡಗು ಯಾವುದೋ ದೇಶದ ಬಂದರಿನಾಚೆ ಲಂಗರು ಹಾಕಿ ನಿಂತು ಐದು ತಿಂಗಳಾಯಿತು, ಸಂಬಳವೂ ಬಂದಿಲ್ಲ. ಮಾಲೀಕ ಇನ್ನೊಂದು ದೇಶದವನು, ಫೋನು ಎತ್ತುವುದಿಲ್ಲ. ಬಾವುಟ ಮತ್ತೊಂದು ದೇಶದ್ದು. ಆ ದೇಶವನ್ನು ಹಡಗಿನಲ್ಲಿ ಯಾರೂ ಕಂಡೇ ಇಲ್ಲವಂತೆ. ಹದಿನಾಲ್ಕು ಜನ. ಇಳಿಯುತ್ತೇವೆ ಅಂದರೆ, ಹಡಗು ಖಾಲಿ ಬಿಡುವಂತಿಲ್ಲ ಅನ್ನುತ್ತಾರಂತೆ ಬಂದರಿನವರು. “ಅಕ್ಕಿ ಇದೆ, ಕುಡಿಯೋ ನೀರು ಲೋಟದಲ್ಲಿ ಅಳೆದು ಕೊಡ್ತಿದೀನಿ, ನೀನು ಹೆದರ್ಬೇಡ” ಅಂತ ಫೋನಿಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಹೆದರಬೇಡ ಅಂದಾಗ ನಾನು ಹೆದರದೆ ಇದ್ದದ್ದು ಯಾವತ್ತು, ನೀನೇ ಹೇಳು.

ಅಪ್ಪಯ್ಯ, ನಾನೊಂದು ತಪ್ಪು ಮಾಡಿದೆ. ಸುದ್ದಿ ಬಂದ ವಾರವೇ ಸಿಗಂದೂರಿನ ದೇವಿಯ ಗುಡಿಗೆ ಹೋಗಿ ಅಮ್ಮನ ಮುಂದೆ ದೂರು ಹೇಳಿಕೊಂಡೆ. ಈಗ ಅಲ್ಲಿಗೆ ಸೇತುವೆಯಾಗಿದೆ, ನಿನಗೆ ಗೊತ್ತಿಲ್ಲ. ಬಸ್ಸಿನಲ್ಲೇ ದಾಟಿದೆ, ಯಾರೂ ತಲೆ ಎಣಿಸಲಿಲ್ಲ. ಬೈಕು ಕಳುವಾದರೂ, ಬೇಲಿ ಒತ್ತಿದರೂ ನಮ್ಮ ಕಡೆಯವರು ಹೋಗುವುದು ಅಲ್ಲಿಗೇ ಅಲ್ಲವೇ? ಅಮ್ಮನಿಗೆ ಬಿಟ್ಟ ಮೇಲೆ ಇನ್ನೊಂದು ಕಡೆ ದೂರು ಕೊಟ್ಟರೆ ನಂಬಿಕೆಯಿಲ್ಲ ಅಂದ ಹಾಗೆ, ಅವರ ಜೀವಕ್ಕೇ ಏನಾದರೂ... ಅಂತ ಬಾಯಿ ಮುಚ್ಚಿ ಕೂತೆ. ಹಡಗಿನ ಕೆಲಸಗಾರರ ಸಂಘದವರು ಕರೆ ಮಾಡಿದಾಗಲೂ ಎತ್ತಲಿಲ್ಲ.

ಹೋದ ವಾರದ ವಾಯ್ಸಿನಲ್ಲಿ ಕೆಮ್ಮು ಜಾಸ್ತಿಯಿತ್ತು. “ನೀರು ಇನ್ನು...” ಅಂದು ನಿಂತುಹೋಯಿತು. ಅಮ್ಮನಿಗೆ ಹೆದರುತ್ತಲೇ ಸಾಗರ ಪೇಟೆಗೆ ಹೋಗಿ ಒಬ್ಬರು ವಕೀಲರಮ್ಮನ ಮುಂದೆ ಕೂತೆ.

“ಇಷ್ಟು ದಿನ ಎಂತ ಮಾಡ್ತಿದ್ರಿ?”

“ಸಿಗಂದೂರಲ್ಲಿ ದೂರು ಕೊಟ್ಟಿದೀನಿ, ಮೇಡಂ.”

“ಅಮ್ಮನಿಗೆ ಹಡಗಿನ ನಂಬರ್ ಹೇಳಿದ್ರಾ?”

ನಗು ಬಂತು, ಹಿಂದೆಯೇ ಅಳು. ಅವರು ನೀರು ಕೊಟ್ಟು ಬಿಡಿಸಿ ಹೇಳಿದರು. ಎರಡು ತಿಂಗಳು ಸಂಬಳ ಕೊಡದಿದ್ದರೆ ಅದನ್ನು ಕೈಬಿಟ್ಟ ಹಡಗು ಅಂತ ಲೆಕ್ಕ ಹಿಡಿಯಬೇಕು, ಊಟ ನೀರು ಕೊಟ್ಟು ಜನರನ್ನು ಊರಿಗೆ ಕಳಿಸಬೇಕು, ಮಾಲೀಕ ಓಡಿಹೋದರೆ ಬಾವುಟದ ದೇಶ ನೋಡಬೇಕು ಅಂತ ಎಷ್ಟೋ ದೇಶಗಳು ಕೂತು ಒಪ್ಪಂದ ಮಾಡಿಕೊಂಡಿವೆಯಂತೆ. “ಆದ್ರೆ ಯಾರೂ ಹೇಳ್ದೆ ಯಾವ ದೇಶವೂ ಎದ್ದು ಬರಲ್ಲ.” ಹಾಗಾದರೆ ಒಪ್ಪಂದ ಬರೆದವರೆಲ್ಲ ಇಷ್ಟು ದಿನ ಎಲ್ಲಿದ್ದರು? ಕೇಳೋಣವೆಂದರೆ, ನೀವೆಲ್ಲಿದ್ರಿ ಅಂತ ಅವರು ತಿರುಗಿ ಕೇಳಿದರೆ...

ಅವರು ಬರೆದ ದೂರಿಗೆ ಸಹಿ ಹಾಕಲು ಪೆನ್ನು ಹಿಡಿದಾಗ ಆ ಆಷಾಢದ ಗಾಳಿ ನೆನಪಾಯಿತು. ಲಾಂಚು ನಡುನೀರಲ್ಲಿ ಕೆಟ್ಟು ನಿಂತು, ಹೆಂಗಸರೆಲ್ಲ ಅಮ್ಮನನ್ನು ಕೂಗುತ್ತಿದ್ದರು. ನೀನೂ ಕೂಗಿದೆ, ಕೂಗುತ್ತಲೇ ಆಚೆ ದಡದ ದೋಣಿಯವರಿಗೆ ಟವೆಲ್ ಬೀಸಿದೆ. “ಅಮ್ಮನ್ನೂ ಕರೀಬೇಕು, ಟವೆಲ್ಲೂ ಬೀಸ್ಬೇಕು ಮಾರಾಯ್ತಿ. ನಾವು ಕಾಣ್ದೆ ಅವ್ರು ಬರೋದು ಹ್ಯಾಂಗೆ?” ಸಹಿ ಹಾಕಿದೆ, ಅಪ್ಪಯ್ಯ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕೈ, ಅಕ್ಷರ ಸೊಟ್ಟಗಾಯಿತು.

ದೂರು ಅಲ್ಲಿಗೆ ಮುಟ್ಟಿದೆಯಂತೆ, ನಾಳೆ ಬಂದರಿನವರು ಹಡಗು ಹತ್ತಿ ಜನರನ್ನು ಎಣಿಸುತ್ತಾರಂತೆ. ಎಣಿಸಿ, ಬರೆದುಕೊಂಡು, ಹಾಗೇ ಇಳಿದು ಹೋಗಿಬಿಟ್ಟರೆ? ನನಗೆ ಅದೇ ಭಯ. ಅವರಲ್ಲಿ ನಿನ್ನಂಥವನೊಬ್ಬ ಇರಲಿ ಅಂತ ಅಮ್ಮನನ್ನು ಕೇಳಿಕೊಂಡಿದ್ದೇನೆ. ಹದಿನಾಲ್ಕು ತಲೆಯೂ ದಡ ಸೇರುವವರೆಗೆ ನಾನು ಟವೆಲ್ ಕೆಳಗಿಡುವುದಿಲ್ಲ.

ನೀನು ಪುಕ್ಕಲಿ ಅನ್ನುತ್ತಿದ್ದ
ನಿನ್ನ ಮಗಳು