ನಾಲ್ಕನೆಯ ಲೋಟ

ಅಪ್ಪಾ,

ನಾನೂ ನಿನ್ನ ಮೊಮ್ಮಗಳೂ ರಜೆಗೆಂದು ಒಂದು ದ್ವೀಪಕ್ಕೆ ಬಂದಿದ್ದೇವೆ. ಇವತ್ತು ಬೆಳಿಗ್ಗೆ ದೋಣಿಯಲ್ಲಿ ಸುತ್ತಾಡಿ, ದೀಪಸ್ತಂಭ ಹತ್ತಿಳಿಯುವಷ್ಟರಲ್ಲಿ ಇಬ್ಬರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಕಡಲ ದಂಡೆಯ ಹೋಟೆಲಿನಲ್ಲಿ ಅನ್ನ, ಸುಟ್ಟ ಮೀನು ತಿಂದೆವು.

ಊಟ ಮುಗಿದದ್ದೇ ತಡ, ನನ್ನ ಕೈ ಸುಮ್ಮನಿರಲಿಲ್ಲ. ದೊಡ್ಡ ತಟ್ಟೆ ಕೆಳಗೆ, ಸಣ್ಣವು ಮೇಲೆ, ಚಮಚಗಳೆಲ್ಲ ಒಂದೇ ಲೋಟದಲ್ಲಿ. ಹೊರಗೆ ಊಟಕ್ಕೆ ಹೋದಾಗಲೆಲ್ಲ ನೀನು ಮಾಡುತ್ತಿದ್ದ ಹಾಗೆಯೇ. ಆಗ ನಾನು ನಾಚಿಕೆಯಾಗಿ, ಬೇಡವೆಂದು ಮೇಜಿನ ಕೆಳಗೆ ನಿನ್ನ ಕಾಲು ತುಳಿಯುತ್ತಿದ್ದೆ.

ಸಪ್ಲೈಯರ್ ನಕ್ಕ. "ನೀವೂ ಹೋಟೆಲ್ ಕೆಲಸದವರಾ ಮೇಡಂ?"

"ನಾನಲ್ಲ, ನಮ್ಮಪ್ಪ. ನಿಮ್ ಹಾಗೇ ಸಪ್ಲೈಯರ್ ಆಗಿದ್ರು."

ಮಗಳ ಐಸ್‌ಕ್ರೀಮ್ ಚಮಚ ಅಲ್ಲೇ ನಿಂತಿತು. "ತಾತ ಆಫೀಸಲ್ಲಿದ್ರು ಅಂತಿದ್ಯಲ್ಲಮ್ಮ?"

ಅದು ಸುಳ್ಳೆಂದು ಒಪ್ಪಿಕೊಂಡೆ. ಆಮೇಲೆ, ನೀನು ಒಂದೇ ಕೈಯಲ್ಲಿ ಆರು ಲೋಟ ನೀರು ತರುತ್ತಿದ್ದೆಯೆಂದು ಅಮ್ಮನಿಂದ ಕೇಳಿದ್ದನ್ನು ಹೇಳಿದೆ.

"ಸುಮ್ನೆ ಬುರುಡೆ ಬಿಡ್ಬೇಡಮ್ಮ!" ಎಂದವಳೇ ಎದ್ದು ನಿಂತಳು. ಸಪ್ಲೈಯರ್ ಖಾಲಿ ಲೋಟಗಳನ್ನು ತಂದುಕೊಟ್ಟ. ಅವಳ ಪುಟ್ಟ ಕೈಗೆ ಹಿಡಿಯಲು ಆದದ್ದು ಮೂರೇ.

"ನಾಲ್ಕನೇದನ್ನ ಹೇಗಮ್ಮ ಹಿಡೀತಿದ್ರು ತಾತ?"

ನೀನು ಕೆಲಸ ಮಾಡುತ್ತಿದ್ದ ಹೋಟೆಲಿಗೆ ನಾನು ಒಂದು ಸಲವೂ ಬಂದು ನೋಡಿರಲಿಲ್ಲ, ಅಪ್ಪಾ.