ಕರಡು ತಿದ್ದುವವಳ ಪಟ್ಟೆ ಮೀನು

ಮನೆ, ಮೂರನೇ ಮಹಡಿ
ಭಾನುವಾರ, ಮಾರ್ಚ್ ೧೪

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆಟ್ಟದ ಮೇಲಿನ ಆ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆಯಲು ಹೊರಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀ ತಾನೇ? ಕೆಮ್ಮು ಪೂರ್ತಿ ಬಿಟ್ಟಿತೋ ಇಲ್ಲವೋ ಬರೆ. ನನ್ನ ಮಂಡಿ ಮೊದಲಿನ ಹಾಗೇ ಇದೆ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ಊರಿನವರನ್ನೆಲ್ಲ ಏರಿಸಿ ಇಳಿಸಿದವನು ಲಿಫ್ಟಿಲ್ಲದ ಮನೆಯ ಮೂರು ಮಹಡಿ ಹತ್ತುತ್ತಿದ್ದೇನೆ, ಯಾರ ಹತ್ತಿರ ಹೇಳಿಕೊಳ್ಳಲಿ? ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಅವಳ ಮೀನು ಅವಳಿಗಿಂತ ಚೆನ್ನಾಗಿದೆ.

ಹೌದು, ಮೀನು. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವಳು ಹೋದ ವರ್ಷ ಅವಧಿಗೆ ಮೊದಲೇ ಕೆಲಸ ಬಿಟ್ಟು ಬಂದಳಲ್ಲ, ಯಾಕೆ ಎಂದರೆ ಬೇಜಾರು ಎಂದಳಲ್ಲ, ಆ ಬೇಜಾರಿಗೆ ಹುಡುಕಿಕೊಂಡ ಔಷಧಿ ಇದು. ಹಾಲಿನಲ್ಲಿ ನಾನು ಪೇಪರ್ ಓದುತ್ತಿದ್ದ ಜಾಗದಲ್ಲಿ ಈಗ ಗಾಜಿನ ತೊಟ್ಟಿ ಕೂತಿದೆ. ಒಳಗೆ ಒಂದು ಹೀರುಬಾಯಿ ಮೀನು. ಬೆರಳುದ್ದ ಇರಬಹುದು. ಬಾಯಿ ತಲೆಯ ಅಡಿಗೆ. ಅದನ್ನು ಕಲ್ಲಿಗೆ ಒತ್ತಿ ಹಿಡಿದು ಕೂತರೆ ಮುಗಿಯಿತು, ಖಾಯಂ ನೌಕರಿ ಸಿಕ್ಕ ಗುಮಾಸ್ತನ ಹಾಗೆ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಈ ಬಳಗದ ಸಾಮಾನ್ಯ ಮೀನುಗಳು ಪಾಚಿಯನ್ನಾದರೂ ತಿಂದು ಗಾಜು ಸ್ವಚ್ಛ ಮಾಡುತ್ತವಂತೆ. ಇದು ಅಪರೂಪದ್ದು, ಆದ್ದರಿಂದ ಕೆಲಸ ಮಾಡುವುದಿಲ್ಲ. ಇದಕ್ಕೆ ಸಿಗಡಿಯ ಚೂರು ಬೇಕು, ಬೆಚ್ಚನೆಯ ನೀರು ಬೇಕು, ಆ ನೀರು ಹರಿಯುತ್ತಲೂ ಇರಬೇಕು. ನನಗೆ ಸ್ನಾನಕ್ಕೆ ಬಿಸಿನೀರು ಸಿಗದ ದಿನವೂ ಅದಕ್ಕೆ ತಪ್ಪುವುದಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡು ಮಹಾರಾಯ ಇಡೀ ದಿನ ಮಣ್ಣಿನ ಕೊಳವೆಯೊಳಗೆ ಅಡಗಿರುತ್ತಾನೆ. ನಿನ್ನ ಅಮ್ಮ ಎದುರಿಗೆ ಕುರ್ಚಿ ಹಾಕಿಕೊಂಡು, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಕೊಳವೆಯನ್ನು ನೋಡುತ್ತಾಳೆ.

ಇದನ್ನು ತಂದದ್ದು ಬಸ್ ಡಿಪೋದ ಹಿಂದಿನ ಅಂಗಡಿಯಿಂದ. ಅಂಗಡಿಯವನನ್ನು ಎಲ್ಲರೂ ಪ್ರೊಫೆಸರ್ ಅನ್ನುತ್ತಾರೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಮೀನುಗಳ ಲ್ಯಾಟಿನ್ ಹೆಸರನ್ನು ಮೂಗಿನಲ್ಲಿ ಹೇಳುತ್ತಾನೆ, ಅಷ್ಟಕ್ಕೇ ಆ ಬಿರುದು. ಅವನ ಕೃಪೆಯಿಂದ ಅಮ್ಮನಿಗೆ ಒಂದು ಕೂಟದ ಸದಸ್ಯತ್ವವೂ ಸಿಕ್ಕಿತು. ಇಂಥ ಮೀನು ಸಾಕುವ ನಾಲ್ಕು ಜನ ದೊಡ್ಡ ಮನುಷ್ಯರು, ಅವರಲ್ಲೊಬ್ಬ ಮುಖ್ಯಸ್ಥ, ಹಲ್ಲಿನ ಡಾಕ್ಟರು. ಬೇರೆಯವರ ಬಾಯೊಳಗೆ ಇಣುಕಿ ಇಣುಕಿ ಕೊಳವೆಯೊಳಗೆ ಇಣುಕುವ ಚಟ ಹತ್ತಿರಬೇಕು. ಮೂರು ವಾರದ ಹಿಂದೆ ಆ ನಾಲ್ವರೂ ನಮ್ಮ ಮನೆಗೆ ದಯಮಾಡಿಸಿದರು. ಟಾರ್ಚು ಹಿಡಿದು ತೊಟ್ಟಿಯ ಮುಂದೆ ಸಾಲಾಗಿ ಕೂತರು. ಕಾಫಿ ಆರಿತು. ಕೊನೆಗೆ ಮೀನು ಹೊರಗೆ ಬಂತು, ಹಲ್ಲಿನ ಡಾಕ್ಟರು ನಗತೊಡಗಿದರು.

"ಮೇಡಂ, ಇದನ್ನ ಯಾರು ನಿಮ್ಗೆ ಅಪರೂಪದ್ದು ಅಂದಿದ್ದು? ನೀವು ಹೇಳಿದ ಮೀನು ಹಾಲಿನ ಥರ ಬಿಳಿ, ಮೇಲೆ ಕಪ್ಪು ಪಟ್ಟೆ. ಇದು ಕಂದು. ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತೆ."

ಉಳಿದ ಮೂವರೂ ನಕ್ಕರು. ಮಗಳೇ, ನಾನೂ ನಕ್ಕೆ. ನಕ್ಕು ಸುಮ್ಮನಿರದೆ, "ಇಷ್ಟು ವರ್ಷ ಬೇರೆಯವರ ಅರ್ಕಾವೊತ್ತು ಹುಡುಕಿದವಳಿಗೆ ಒಂದು ಮೀನಿನ ಬಣ್ಣ ಕಾಣಿಸಲಿಲ್ವಾ?" ಎಂದೆ. ನಾಲ್ಕು ಜನರ ಮುಂದೆ ಎಂದೆ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದಳು. ಒಂದು ಲೋಟ ಬಿದ್ದ ಸದ್ದಾಯಿತು. ಆ ದಿನ ತೊಟ್ಟಿಯ ಮುಂದೆ ಅವಳು ಕೂರಲಿಲ್ಲ. ನಲವತ್ತು ವರ್ಷದಲ್ಲಿ ನನ್ನ ಮಾತಿಗೆ ಅವಳು ಉತ್ತರ ಕೊಡದೇ ಇದ್ದದ್ದು ಅದೊಂದೇ ಸಲ. ಜಗಳವಾಡಿದ್ದರೆ ನಾನು ಊಟ ಮಾಡಿ ಮಲಗುತ್ತಿದ್ದೆ.

ಮರುದಿನ ಬೆಳಿಗ್ಗೆ ಕಂದು ಮೀನನ್ನು ನೀರಿನ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ. ಪ್ರೊಫೆಸರ್ ಕುರ್ಚಿಯಿಂದ ಏಳಲಿಲ್ಲ. "ನಿಮ್ಮನೆಯವರೇ ಹತ್ತು ನಿಮಿಷ ನೋಡಿ, ಇದೇ ಅಂದು ತಗೊಂಡ್ಹೋದ್ರು" ಎಂದ. ಬಿಳಿಯದನ್ನು ತೋರಿಸಿ ಕಂದುಬಣ್ಣದ್ದನ್ನು ಚೀಲಕ್ಕೆ ಹಾಕಿದ್ದೀಯ ಎಂದೆ. ಲ್ಯಾಟಿನ್ ಶುರು ಮಾಡಿದ. ಲಿಫ್ಟ್ ನಡುವೆ ನಿಂತಾಗ ಒಳಗೆ ಸಿಕ್ಕಿಕೊಂಡವರ ಜೊತೆ ಮಾತಾಡುವ ದನಿ ನನ್ನದು, ಎರಡು ಮಹಡಿ ಆಚೆಗೂ ಕೇಳಿಸುತ್ತದೆ. ಆ ದನಿಯಲ್ಲಿ, ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಇವನ ವ್ಯಾಪಾರ ಎಂಥದ್ದು ಎಂದು ವಿವರಿಸಿದೆ. ಇಬ್ಬರು ಕೈಯಲ್ಲಿದ್ದ ಚೀಲ ಎತ್ತಿ ಬೆಳಕಿಗೆ ಹಿಡಿದು ನೋಡತೊಡಗಿದರು. ಆಗ ಪಾಂಡಿತ್ಯವೆಲ್ಲ ಇಳಿಯಿತು. ಅವನೇ ಬಲೆ ತಂದ. ನಾನು ಈ ಹಾಳು ಮಂಡಿಯನ್ನು ಊರಿ ಕೂತು, ಅಸಲಿ ಬಿಳಿ ಮೀನನ್ನೇ ಹಿಡಿಸಿಕೊಂಡು ಎದ್ದೆ. ಹಲ್ಲಿನ ಡಾಕ್ಟರಿಗೂ ಹೇಳಿ ಕಳಿಸಿದ್ದೇನೆ, ಇನ್ನು ಈ ಮನೆಯ ಮೆಟ್ಟಿಲು ಹತ್ತುವುದು ಬೇಡ ಎಂದು.

ಹೊಸ ಮಹಾರಾಯನೂ ಬಂದವನೇ ಕೊಳವೆ ಸೇರಿದ್ದಾನೆ. ಕಪ್ಪು ಬಿಳುಪಿನ ಅಂಗಿ ತೊಟ್ಟ ಸೋಮಾರಿ. ಅವನಿಗೆ ಸಿಗಡಿ ಹೆಚ್ಚಿ ಕೊಡುವ ಕೆಲಸ ಈಗ ನನ್ನದು.

ಇಷ್ಟೇ ಸುದ್ದಿ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ಹೇಳು. ಹೊತ್ತು ಹೊತ್ತಿಗೆ ಉಣ್ಣು. ನಿನಗೆ ಸದಾ ಒಳ್ಳೆಯದಾಗಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ, ಅವಳು ಸ್ನಾನಕ್ಕೆ ಹೋಗಿದ್ದಾಳೆ. ಬಲೆ ಹಿಡಿದುಕೊಂಡೇ ಆ ಪ್ರೊಫೆಸರ್ ಅಂದ, "ಅವ್ರಿಗೆ ಕಣ್ಣು ಕಾಣಲ್ಲ ಅನ್ನೋದನ್ನ ಮನೇಲೇ ಯಾರೂ ಗಮನಿಸಿಲ್ಲ, ನನ್ನ ಯಾಕೆ ಅಂತೀರಿ?" ಕಳ್ಳನಿಗೆ ಕಂಡದ್ದು ಗಂಡನಿಗೆ ಕಂಡಿರಲಿಲ್ಲ. ಹೊಸ ಮೀನು ತಂದು ಬಿಟ್ಟಾಗ ಅವಳು ತೊಟ್ಟಿಯ ಕಡೆ ನೋಡಲೇ ಇಲ್ಲ, ನನ್ನ ಕಡೆ ತಿರುಗಿ, "ಈ ಸಲ ಬೆಳ್ಳಗಿದೆಯಾ?" ಎಂದು ಕೇಳಿದಳು. ಒತ್ತಕ್ಷರ ಕಾಣದೆ ಪ್ರೆಸ್ ಬಿಟ್ಟಳಂತೆ. ಕಪ್ಪು ಬಿಳುಪಾದರೂ ಕಣ್ಣಿಗೆ ಸಿಕ್ಕೀತು ಎಂದು ಪಟ್ಟೆ ಮೀನು ಕೇಳಿದ್ದಂತೆ. ಕಣ್ಣಿನ ಡಾಕ್ಟರಿಗೆ ತೋರಿಸಿದೆ. ನರ ಕೆಟ್ಟಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಉಳಿಸಲು ನೋಡೋಣ ಎಂದರು. ಕನ್ನಡಕ ಎಲ್ಲಿಟ್ಟೆನೋ ಎಂದು ನಿನ್ನ ಕಾಗದಗಳನ್ನು ನನ್ನಿಂದಲೇ ಓದಿಸುತ್ತಿದ್ದಳು, ನಾನು ಬೈದುಕೊಂಡು ಓದುತ್ತಿದ್ದೆ. ನಿನಗೆ ಹೇಳಕೂಡದು ಎಂದು ಆಣೆ ಹಾಕಿಸಿದ್ದಾಳೆ. ಫೋಟೋ ಕಳಿಸಬೇಡ. ರಜೆ ಹಾಕಿ ಬಾ. ಹತ್ತಿರ ಕೂತರೆ ಮುಖ ಇನ್ನೂ ಕಾಣುತ್ತದಂತೆ.